ದಿನಾ ಐದು ಸಾಲು ಬರೆದರೂ ಮನಸ್ಸಿಗೆ ತಾಗುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ತಾಲೂಕು ಊರು. ನನಗೆ 39 ವರ್ಷ, ಅತಿಥಿ ಶಿಕ್ಷಕಿ. ಮನೆಯವರು ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಅಡತ್ ಅಂಗಡಿಯ, ಅಂದರೆ ದಲ್ಲಾಳಿ ಅಂಗಡಿಯ, ಲೆಕ್ಕ ಬರೆಯುತ್ತಾರೆ. ಅತ್ತೆ ಮತ್ತು ಇಬ್ಬರು ಮಕ್ಕಳಿದ್ದಾರೆ. ನನ್ನ ಗೌರವಧನ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ನಳದ ನೀರು ಐದಾರು ದಿನಕ್ಕೊಮ್ಮೆ, ಅದೂ ರಾತ್ರಿ ಎರಡರ ಸುಮಾರಿಗೆ. ಎರಡು ತಿಂಗಳ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಮಲಗುವ ಮುಂಚೆ ಕೃತಜ್ಞತೆಯ ಐದು ಸಾಲು ಬರೆಯಲು ಶುರು ಮಾಡಿದೆ. ಮೊದಲ ವಾರ ಹಗುರವೆನಿಸಿತು. ಈಗ ದಿನಾ ಅದೇ ಐದು: ಆರೋಗ್ಯ, ಮಕ್ಕಳು, ಮನೆ, ಊಟ, ದೇವರು. ಬರೆಯುವಾಗ ಏನೂ ಅನ್ನಿಸುವುದಿಲ್ಲ, ಬರೆಯದಿದ್ದರೆ ತಪ್ಪು ಮಾಡಿದಂತಾಗುತ್ತದೆ. ಬೇಸರ ಹೇಳಿಕೊಂಡರೆ ಮನೆಯವರು, "ನಮಗಿಂತ ಕಷ್ಟದಾಗ ಇದ್ದವರನ್ನ ನೋಡು, ಇದ್ದದ್ರಾಗ ಖುಷಿಯಾಗಿರು" ಅನ್ನುತ್ತಾರೆ. ಹಾಗೆ ನೋಡಿದರೆ ಇನ್ನಷ್ಟು ಸಂಕಟ. ಬೆಂಗಳೂರಿನಲ್ಲಿರುವ ನೆಗೆಣ್ಣಿಯ ಸ್ಟೇಟಸ್ ನೋಡಿದ ದಿನವಂತೂ ಕೇಳಲೇಬೇಡಿ. ಸಣ್ಣ ವಿಷಯಕ್ಕೆ ಖುಷಿಪಡುವ ಗುಣವೇ ನನ್ನಲ್ಲಿ ಇಲ್ಲವೆ? ರಾತ್ರಿ ಎರಡಕ್ಕೆ ಬರುವ ನೀರಿಗೂ ಕೃತಜ್ಞಳಾಗಿರಬೇಕೆ? ಬರೆಯುವುದನ್ನು ಬಿಡಲೋ, ಮುಂದುವರಿಸಲೋ? ಆರನೇ ತರಗತಿಯ ಮಗಳಿಗೂ ಬರೆಸಬೇಕೆಂದಿದ್ದೆ, ಅದು ಸರಿಯೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. ಬರೆಯುವ ರೂಢಿ ಸವೆದುಹೋಗಿದೆ, ಅದು ಒಂದು. ಮನೆಯವರ ಮಾತಿನಿಂದಾಗಿ ಕೃತಜ್ಞತೆ ಎಂದರೆ ದೂರು ಹೇಳದೆ ಸುಮ್ಮನಿರುವುದು ಅನ್ನಿಸತೊಡಗಿದೆ, ಅದು ಎರಡು. ಮೂರನೆಯದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ನೀರಿನ ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ: ನಿದ್ದೆ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಗುಣವೇ ಇಲ್ಲವೆ ಎಂಬ ಅನುಮಾನವನ್ನು ಮೊದಲು ಬದಿಗಿಡಿ. ಮೊದಲ ವಾರ ಹಗುರವೆನಿಸಿತು ಎಂದು ನೀವೇ ಬರೆದಿದ್ದೀರಿ. ಗುಣ ಇಲ್ಲದವರಿಗೆ ಆ ಒಂದು ವಾರವೂ ಹಾಗನ್ನಿಸುವುದಿಲ್ಲ. ಆಮೇಲೆ ಆದದ್ದು ಬಹುತೇಕ ಎಲ್ಲರಿಗೂ ಆಗುವಂಥದ್ದು, ಅದಕ್ಕೆ ಸ್ಪಷ್ಟ ಕಾರಣಗಳಿವೆ.

ನಮ್ಮ ಮನಸ್ಸು ಇರುವುದನ್ನು ಗಮನಿಸುವುದಿಲ್ಲ, ಬದಲಾದದ್ದನ್ನು ಗಮನಿಸುತ್ತದೆ. ಮೇ ತಿಂಗಳ ಮಧ್ಯಾಹ್ನ, ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಕರೆಂಟ್ ಹೋಗಿ ಒಂದು ತಾಸಿನ ಮೇಲೆ ಬಂದಾಗ ಫ್ಯಾನಿನ ಗಾಳಿ ಹೇಗಿರುತ್ತದೆ ಎಂಬುದನ್ನು ರಾಯಚೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹತ್ತು ನಿಮಿಷವಾದರೆ ಆ ಫ್ಯಾನು ತಿರುಗುತ್ತಿದೆ ಎಂಬುದೇ ಮರೆತುಹೋಗಿರುತ್ತದೆ. ಗಾಳಿ ಅದೇ, ಸುಖ ಮಾತ್ರ ಕರಗಿತು. ಮನೋವಿಜ್ಞಾನಿಗಳು ಈ ಒಗ್ಗಿಹೋಗುವಿಕೆಯನ್ನು 1970ರ ದಶಕದಿಂದಲೂ ಅಧ್ಯಯನ ಮಾಡುತ್ತಿದ್ದಾರೆ. ಇದು ದೋಷವಲ್ಲ. ಹಳೆಯದಕ್ಕೆ ಒಗ್ಗದ ಮನಸ್ಸಿಗೆ ಹೊಸ ಅಪಾಯ ಕಾಣುವುದಿಲ್ಲ. ಇದರ ಜೊತೆಗೆ, ಕೆಟ್ಟದ್ದು ಒಳ್ಳೆಯದಕ್ಕಿಂತ ಗಟ್ಟಿಯಾಗಿ ಅಚ್ಚೊತ್ತುತ್ತದೆ. ಗೌರವಧನ ಸರಿಯಾಗಿ ಬಂದ ತಿಂಗಳು ನೆನಪಿಲ್ಲ, ಬಾರದ ತಿಂಗಳು ಅಂಗಡಿಯವನ ಮುಂದೆ ತಲೆ ತಗ್ಗಿಸಿದ್ದು ನೆನಪಿದೆ.

ಈಗ ನಿಮ್ಮ ಐದು ಪದಗಳಿಗೆ ಬನ್ನಿ. ಆರೋಗ್ಯ, ಮಕ್ಕಳು, ಮನೆ, ಊಟ, ದೇವರು. ಇವೆಲ್ಲ ವರ್ಷಗಟ್ಟಲೆ ಬದಲಾಗದ ದೊಡ್ಡ ತಲೆಬರಹಗಳು. ಮನಸ್ಸು ಇವುಗಳಿಗೆ ಎಂದೋ ಒಗ್ಗಿಹೋಗಿದೆ. ದಿನಾ ಬರೆದರೆ ಆ ಒಗ್ಗುವಿಕೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಐದು ಎಂಬ ಲೆಕ್ಕ ಎಲ್ಲಿಂದ ಬಂತು?

ಈ ಅಭ್ಯಾಸದ ಮೂಲ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿದೆ. ಮೊದಲನೆಯದರಲ್ಲಿ ವಿದ್ಯಾರ್ಥಿಗಳು ವಾರಕ್ಕೊಮ್ಮೆ, ಹತ್ತು ವಾರ, ಹೆಚ್ಚೆಂದರೆ ಐದು ಸಂಗತಿ ಬರೆದರು. ವಾರಕ್ಕೊಮ್ಮೆ ಎಂಬುದನ್ನೂ ಹೆಚ್ಚೆಂದರೆ ಎಂಬುದನ್ನೂ ಗಮನಿಸಿ. ದಿನಾ ಬರೆಸಿದ ಅಧ್ಯಯನವೂ ಅದರ ಜೊತೆಗಿತ್ತು, ಆದರೆ ಅದು ಎರಡು ಮೂರು ವಾರದ ಮಾತು. ವಿಡಿಯೊ ಮಾಡುವವರು ಒಂದರಿಂದ ಐದನ್ನೂ ಇನ್ನೊಂದರಿಂದ ದಿನಾ ಎಂಬುದನ್ನೂ ತೆಗೆದುಕೊಂಡು, ಕೊನೆಯ ದಿನಾಂಕವನ್ನು ಕೈಬಿಟ್ಟರು.

ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಬರೆದದ್ದು ನಿಮಗೆ ಇನ್ನೂ ಹತ್ತಿರದ್ದು. ಆರು ವಾರದ ಆ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ಎಲ್ಲರಿಗೂ ವಾರಕ್ಕೊಮ್ಮೆಯೇ ಸರಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮಾರ್ಟಿನ್ ಸೆಲಿಗ್‌ಮನ್ ಅವರ ತಂಡ ಅದೇ ವರ್ಷ ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆದರು, ಪ್ರತಿಯೊಂದಕ್ಕೂ ಅದು ಏಕೆ ಆಯಿತು ಎಂಬುದನ್ನೂ ಬರೆದರು. ಅವರಲ್ಲಿ ಪರಿಣಾಮ ಆರು ತಿಂಗಳವರೆಗೂ ಕಂಡಿತು. ಈ "ಏಕೆ" ಎಂಬ ಭಾಗ ಬಹಳಷ್ಟು ವಿಡಿಯೊಗಳಲ್ಲಿ ಇರುವುದೇ ಇಲ್ಲ, ಕೆಲಸ ಮಾಡುವುದು ಮಾತ್ರ ಅದೇ ಎಂಬುದು ನನ್ನ ಅಭಿಪ್ರಾಯ.

ಸಂಖ್ಯೆ ದೊಡ್ಡದಾದರೆ ಇನ್ನೊಂದು ತೊಂದರೆಯಿದೆ. ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದ ಸಂಗತಿ ಇದು. ನೀವು ದಿಟ್ಟವಾಗಿ ನಡೆದುಕೊಂಡ ಆರು ಸಂದರ್ಭ ನೆನಪಿಸಿಕೊಳ್ಳಿ ಎಂದು ಕೆಲವರಿಗೆ, ಹನ್ನೆರಡು ನೆನಪಿಸಿಕೊಳ್ಳಿ ಎಂದು ಉಳಿದವರಿಗೆ ಹೇಳಿದರು. ಹನ್ನೆರಡು ಬರೆದವರೇ ತಾವು ಅಷ್ಟೇನೂ ದಿಟ್ಟರಲ್ಲ ಅಂದುಕೊಂಡರು. ಆರರವರೆಗೆ ಸರಾಗವಾಗಿ ಬಂತು, ಆಮೇಲೆ ತಡಕಾಡಬೇಕಾಯಿತು. ಆ ತಡಕಾಟವನ್ನೇ ಮನಸ್ಸು "ನನ್ನಲ್ಲಿ ಇದು ಕಡಿಮೆ" ಎಂದು ಓದಿಕೊಂಡಿತು. ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದು ಬಂದು ನಾಲ್ಕನೆಯದನ್ನು, ಐದನೆಯದನ್ನು ಹುಡುಕುವಾಗ ನಿಮಗೆ ಆಗುತ್ತಿರುವುದೂ ಇದೇ. ಸಂತೋಷ ಕೊಡಬೇಕಾದ ಕೆಲಸವೇ ನಿಮ್ಮ ಬದುಕಿನಲ್ಲಿ ಸಂತೋಷ ಕಡಿಮೆ ಎಂದು ದಿನಾ ಸಾಕ್ಷಿ ಹೇಳುತ್ತಿದೆ.

ಬರೆಯುವುದಾದರೆ ಹೀಗೆ

ಹತ್ತು ದಿನ ಪೂರ್ತಿ ನಿಲ್ಲಿಸಿ. ತಪ್ಪು ಮಾಡಿದಂತೆ ಅನ್ನಿಸುವುದು ಮೂರು ನಾಲ್ಕು ದಿನ ಇರಬಹುದು, ಆಮೇಲೆ ಹೋಗುತ್ತದೆ. ಅದು ಹೋಗದೆ ಹೊಸದಾಗಿ ಶುರು ಮಾಡಬೇಡಿ. ಶಿಕ್ಷೆಯ ಭಯದಿಂದ ಬರೆದದ್ದು ಹಾಜರಿ ಪುಸ್ತಕವಾಗುತ್ತದೆ.

ಆಮೇಲೆ ವಾರಕ್ಕೆ ಒಂದು ಅಥವಾ ಎರಡು ದಿನ ಆರಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ, ಊಟವಾಗಿ ಎಲ್ಲರೂ ಅಡ್ಡಾದ ಹೊತ್ತು, ಅನೇಕರಿಗೆ ಅನುಕೂಲ. ರಾತ್ರಿಯೇ ಬೇಕು ಅನ್ನುವವರು ಊಟಕ್ಕೆ ಮುಂಚೆ ಬರೆಯಲಿ, ಕಣ್ಣು ಎಳೆಯುವಾಗ ಬೇಡ. ನೂರು ಪುಟದ ಸಾದಾ ನೋಟುಬುಕ್ಕು ಸಾಕು. ಮೊಬೈಲಿನಲ್ಲಿ ಬರೆಯಬೇಡಿ, ಅದರಲ್ಲಿ ನೆಗೆಣ್ಣಿಯ ಸ್ಟೇಟಸ್ ಒಂದು ಬೆರಳಿನ ದೂರದಲ್ಲಿರುತ್ತದೆ. ಹತ್ತು ನಿಮಿಷ ಸಾಕು, ಮೂರು ಸಂಗತಿ ಸಾಕು. ಎರಡೇ ಬಂದರೆ ಎರಡೇ. ಯಾವತ್ತೂ ಎಣಿಕೆ ತುಂಬಿಸಬೇಡಿ.

ಪ್ರತಿ ಸಂಗತಿಯಲ್ಲೂ ಮೂರು ತುಣುಕು ಇರಲಿ: ಏನಾಯಿತು, ಅದು ಯಾರಿಂದ ಅಥವಾ ಯಾವುದರಿಂದ ಆಯಿತು, ಆಗದೇ ಹೋಗಿದ್ದರೆ ಆ ಹೊತ್ತು ಹೇಗಿರುತ್ತಿತ್ತು. "ಊಟ" ಎಂದು ಬರೆದರೆ ಏನೂ ಹುಟ್ಟುವುದಿಲ್ಲ. ಇದನ್ನು ನೋಡಿ: "ಗುರುವಾರ ಶಾಲೆಯಿಂದ ಬರುವುದು ತಡವಾಯಿತು. ಅತ್ತೆ ಮೊಣಕಾಲು ನೋವಿದ್ದರೂ ಆರು ರೊಟ್ಟಿ ಬಡಿದಿಟ್ಟಿದ್ದರು, ಪುಂಡಿಪಲ್ಯ ಒಲೆಯ ಮೇಲೆ ಬಿಸಿ ಇತ್ತು. ಇಲ್ಲದಿದ್ದರೆ ಮಕ್ಕಳಿಗೆ ಅಂಗಡಿ ಬ್ರೆಡ್ಡು ಕೊಟ್ಟು ನಾನು ಹಾಗೇ ಮಲಗುತ್ತಿದ್ದೆ." ಇಲ್ಲಿ ವಾರವಿದೆ, ಮೊಣಕಾಲಿದೆ, ರೊಟ್ಟಿಯ ಎಣಿಕೆಯಿದೆ. ಇಷ್ಟು ವಿವರ ಬರೆಯಬೇಕಾದರೆ ಆ ಸಂಜೆಗೆ ಮತ್ತೆ ಹೋಗಿ ಬರಲೇಬೇಕು, ಉಪಯೋಗ ಆಗುವುದು ಆ ಹೋಗಿಬರುವುದರಿಂದ.

ಮೂರನೆಯ ತುಣುಕನ್ನು ಅನೇಕರು ಬಿಟ್ಟುಬಿಡುತ್ತಾರೆ, ಅಪಶಕುನ ನುಡಿದಂತೆ ಎಂಬ ಅಂಜಿಕೆ. ಆದರೆ ಒಗ್ಗಿಹೋದ ಮನಸ್ಸನ್ನು ಅಲುಗಿಸುವುದು ಅದೇ. 2008ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದು ಒಳ್ಳೆಯ ಸಂಗತಿ ಹೇಗೆ ಆಯಿತು ಎಂದು ಬರೆದವರಿಗಿಂತ ಅದು ಹೇಗೆ ಆಗದೇ ಹೋಗಬಹುದಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಹಸನಾಯಿತು. ಒಂದು ಎಚ್ಚರಿಕೆ ಇದೆ. ಆಗಿ ಹೋದ ಸಣ್ಣ ಸಂಗತಿಗೆ ಮಾತ್ರ ಇದನ್ನು ಬಳಸಿ. "ಮಕ್ಕಳೇ ಇಲ್ಲದಿದ್ದರೆ", "ಇವರಿಗೆ ಏನಾದರೂ ಆದರೆ" ಎಂದು ಹೊರಟರೆ ಅದು ಚಿಂತೆಗೆ ದಾರಿಯಾಗುತ್ತದೆ, ಮೊದಲೇ ಗಾಬರಿಯ ಸ್ವಭಾವದವರಿಗೆ ನಿದ್ದೆ ಕೆಡಿಸುತ್ತದೆ.

ಒಮ್ಮೆ ಬರೆದದ್ದನ್ನು ಮುಂದಿನ ನಾಲ್ಕು ವಾರ ಮತ್ತೆ ಬರೆಯಬಾರದು ಎಂಬ ನಿಯಮವನ್ನೂ ಇಟ್ಟುಕೊಳ್ಳಿ. ಆಗ ವಾರವಿಡೀ ಕಣ್ಣು ತಾನಾಗಿಯೇ ಹೊಸದನ್ನು ಹುಡುಕುತ್ತದೆ. ಶಾಲೆಯ ಅಂಗಳದ ಬೇವಿನ ನೆರಳು, ಬಸ್ಸಿನಲ್ಲಿ ಯಾರೋ ಸರಿದು ಕೊಟ್ಟ ಜಾಗ, ಸಂಜೆಯ ಮಿರ್ಚಿ ಮಂಡಕ್ಕಿ, ಲೆಕ್ಕದಲ್ಲಿ ಹಿಂದಿದ್ದ ಹುಡುಗ ತಾನೇ ಎದ್ದು ಬಂದು ಬೋರ್ಡಿನ ಮೇಲೆ ಭಾಗಾಕಾರ ಬಿಡಿಸಿದ್ದು. ಬರೆಯುವ ಹತ್ತು ನಿಮಿಷಕ್ಕಿಂತ ಈ ಹುಡುಕಾಟವೇ ಹೆಚ್ಚು ಕೆಲಸ ಮಾಡುತ್ತದೆ.

ಬರೆಯುವುದೇ ಬೇಡ ಅನ್ನುವವರಿಗೆ ಬೇರೆ ದಾರಿಯಿದೆ. ದಿನಾ ಆಗುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಬೆಳಗಿನ ಮೊದಲ ಚಹಾ ಅನ್ನೋಣ. ಮೊದಲ ಮೂರು ಗುಟುಕನ್ನು ನಿಂತಲ್ಲೇ ನಿಲ್ಲದೆ ಕೂತು, ಮೊಬೈಲು ಇಲ್ಲದೆ, ಯಾರಿಗೂ ಕೆಲಸ ಹೇಳದೆ ಕುಡಿಯಿರಿ. ಅರ್ಧ ನಿಮಿಷದ ಕೆಲಸ. ಅದೂ ಸಪ್ಪೆಯಾದಾಗ ಒಂದು ವಾರ ಚಹಾ ಬಿಟ್ಟು ನೋಡಿ. ಒಂದು ವಾರ ಚಾಕೊಲೇಟು ಬಿಟ್ಟವರು ಮತ್ತೆ ತಿಂದಾಗ ಉಳಿದವರಿಗಿಂತ ಹೆಚ್ಚು ಸವಿದರು ಎಂಬುದು 2013ರ ಒಂದು ಪ್ರಯೋಗದ ಫಲಿತಾಂಶ. ಏಕಾದಶಿಯ ಮಾರನೆಯ ದಿನದ ಊಟ ತಿಂದವರಿಗೆ ಪ್ರಯೋಗ ಬೇಕಾಗಿರಲಿಲ್ಲ, ಇರಲಿ. (ಚಹಾ ಬಿಟ್ಟ ಮೊದಲ ಎರಡು ದಿನ ತಲೆನೋವು ಬರಬಹುದು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಹಂತ ಹಂತವಾಗಿ ಕಡಿಮೆ ಮಾಡಿ.)

ಬೇರೆಯವರ ಕಷ್ಟ ನೋಡಿ ಸಮಾಧಾನ

"ನಮಗಿಂತ ಕಷ್ಟದಾಗ ಇದ್ದವರನ್ನ ನೋಡು" ಎಂಬ ಬುದ್ಧಿಮಾತು ಕೇಳದ ಮನೆಯಿಲ್ಲ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಬೇಸರದ ಮಾತಿಗೆ ಏನು ಹೇಳಬೇಕೆಂದು ತೋಚದಾಗ ಬರುವ ಮಾತು ಅದು. ಆದರೆ ಅದರ ಫಲ ಬಹಳ ಹೊತ್ತು ನಿಲ್ಲುವುದಿಲ್ಲ, ಮೇಲೆ ಎರಡು ತೊಂದರೆ ಕೊಡುತ್ತದೆ. ಬೇರೆಯವರ ಸಂಕಟದ ಮೇಲೆ ನಿಂತ ಸಮಾಧಾನ ಕರುಳಿರುವವರಿಗೆ ಚುಚ್ಚುತ್ತದೆ, ನಿಮಗೆ "ಇನ್ನಷ್ಟು ಸಂಕಟ" ಆದದ್ದು ಅದಕ್ಕೇ. ಜೊತೆಗೆ, ಕೆಳಗೆ ನೋಡಿ ಅಳೆದುಕೊಳ್ಳಲು ಕಲಿತ ಮನಸ್ಸು ಮೇಲೆ ನೋಡುವುದನ್ನೂ ಬಿಡುವುದಿಲ್ಲ. ಕೂಲಿಗೆ ಗುಳೆ ಹೋಗುವ ಕುಟುಂಬವನ್ನು ನೋಡಿ "ನಾವೇ ವಾಸಿ" ಅಂದುಕೊಂಡ ಕಣ್ಣೇ ಸಂಜೆ ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿ ನೋಡಿ "ನಮ್ಮದೇನು ಬಾಳು" ಅನ್ನುವುದು.

ಕೃತಜ್ಞತೆಗೆ ಈ ಹೋಲಿಕೆ ಬೇಕಿಲ್ಲ. ಅತ್ತೆ ಬಡಿದ ಆರು ರೊಟ್ಟಿಗೆ ಯಾರ ಉಪವಾಸವೂ ಆಧಾರವಾಗಬೇಕಿಲ್ಲ.

ಈಗ ನೀರಿನ ಪ್ರಶ್ನೆ. ಇಲ್ಲ, ರಾತ್ರಿ ಎರಡಕ್ಕೆ ನೀರು ಬಿಡುವ ವ್ಯವಸ್ಥೆಗೆ ನೀವು ಕೃತಜ್ಞರಾಗಿರಬೇಕಿಲ್ಲ. ಗೌರವಧನ ತಡವಾಗುವುದಕ್ಕೂ ಇಲ್ಲ. ಅದು ನಿಮ್ಮ ದುಡಿಮೆಯ ಹಣ. ಅಡತ್ ಅಂಗಡಿಯ ಲೆಕ್ಕ ಬರೆಯುವ ನಿಮ್ಮ ಮನೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಒಬ್ಬ ರೈತನ ಖಾತೆಯ ಜಮಾವನ್ನು ಇನ್ನೊಬ್ಬನ ಬಾಕಿಗೆ ಅವರು ಎಂದೂ ವಜಾ ಹಾಕುವುದಿಲ್ಲ. ರೊಟ್ಟಿಯ ಖುಷಿ ಒಂದು ಖಾತೆ, ನೀರಿನ ತಕರಾರು ಇನ್ನೊಂದು. ಎರಡೂ ಒಟ್ಟಿಗೆ ನಿಜವಾಗಿರಬಹುದು.

ಆದ್ದರಿಂದ ಅದೇ ನೋಟುಬುಕ್ಕನ್ನು ಹಿಂದಿನಿಂದ ತಿರುಗಿಸಿ, ಕೊನೆಯ ಪುಟಗಳಲ್ಲಿ ನೀರಿನ ಲೆಕ್ಕ ಇಡಿ: ದಿನಾಂಕ, ಬಿಟ್ಟ ಹೊತ್ತು, ನಿಂತ ಹೊತ್ತು, ಎಷ್ಟು ಕೊಡ ತುಂಬಿತು. ಆರು ವಾರದ ಇಂಥ ಪಟ್ಟಿಗೆ ಓಣಿಯ ಹತ್ತು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಟ್ಟರೆ, "ನೀರು ಸರಿಯಾಗಿ ಬರ್ತಿಲ್ಲ" ಎಂಬ ಬಾಯಿಮಾತಿಗಿಂತ ತೂಕ ಹೆಚ್ಚು. ಸ್ವೀಕೃತಿಯ ಸಹಿ, ಮೊಹರು ಇರುವ ಪ್ರತಿ ಇಟ್ಟುಕೊಳ್ಳಿ. ಬಿಡುವ ಹೊತ್ತು ಬದಲಾಗುತ್ತದೆ ಎಂಬ ಖಾತ್ರಿ ಕೊಡಲಾರೆ. ಆದರೆ ಗೊಣಗುತ್ತ ಸುಮ್ಮನಿರುವುದಕ್ಕೂ ಒಂದು ಕೆಲಸ ಮಾಡಿ ಸುಮ್ಮನಿರುವುದಕ್ಕೂ ಮನಸ್ಸಿನ ಮೇಲೆ ಬೀಳುವ ಭಾರ ಬೇರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ. ಹೊಡೆತ, ಬೈಗುಳ, ಹಣ ಕಿತ್ತುಕೊಳ್ಳುವುದು ನಡೆಯುವ ಮನೆಯಲ್ಲಿ "ಆದರೂ ಊಟಕ್ಕೆ ಹಾಕ್ತಾನಲ್ಲ" ಎಂದು ಕೃತಜ್ಞತೆ ಅಭ್ಯಾಸ ಮಾಡುವುದು ಅಪಾಯ. ಅಲ್ಲಿ ಬೇಕಾದದ್ದು ಮಹಿಳಾ ಸಹಾಯವಾಣಿ 181.

ನಿದ್ದೆ

ಕಾರಣಗಳಲ್ಲೇ ತೀರಾ ಕಡಿಮೆ ಲಕ್ಷ್ಯಕ್ಕೆ ಬರುವುದು ಇದು. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 62 ಆರೋಗ್ಯವಂತರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಪೂರ್ತಿ ನಿದ್ದೆ ಮಾಡಿತು, ಇನ್ನೊಂದನ್ನು ತಡವಾಗಿ ಮಲಗಿಸಿದರು, ಮತ್ತೊಂದನ್ನು ರಾತ್ರಿಯಿಡೀ ಆಗಾಗ ಎಬ್ಬಿಸಿದರು. ಎರಡನೇ ರಾತ್ರಿಯ ನಂತರ, ತಡವಾಗಿ ಮಲಗಿದವರ ಉಲ್ಲಾಸ ಶೇ 12ರಷ್ಟು ಕುಸಿದಿತ್ತು, ಆಗಾಗ ಎದ್ದವರದು ಶೇ 31ರಷ್ಟು. ಸಿಟ್ಟು, ದುಃಖದಂಥ ಭಾವಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ತುಂಡಾದ ನಿದ್ದೆ ಮೊದಲು ತಿನ್ನುವುದು ಸಣ್ಣ ಸಂತೋಷವನ್ನೇ ಎಂದಾಯಿತು.

ನಿಮಗೆ ನೀರು ಬರುವುದು ಐದಾರು ದಿನಕ್ಕೊಮ್ಮೆ. ಆದರೆ ಇಂದು ಬರಬಹುದೇನೋ ಎಂದು ಅರೆನಿದ್ದೆಯಲ್ಲಿ ಕಿವಿ ನಳದ ಕಡೆ ಇಟ್ಟು ಮಲಗುವ ರಾತ್ರಿಗಳು ಅದಕ್ಕಿಂತ ಹೆಚ್ಚಿರುತ್ತವೆ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಕೆಲಸಗಳಿವೆ. ನೀರು ಕಾಯುವ ಪಾಳಿಯನ್ನು ಗಂಡ ಹೆಂಡತಿ ಹಂಚಿಕೊಳ್ಳಿ, ಒಂದು ಸಲ ಒಬ್ಬರು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಮಲಗಲಿ. ನಳದಿಂದ ನೆಲದ ಟಾಕಿಗೆ ಅಥವಾ ದೊಡ್ಡ ಸಿಂಟೆಕ್ಸಿಗೆ ಪೈಪು ಕೂಡಿಸಿ ಫ್ಲೋಟ್ ವಾಲ್ವ್ ಹಾಕಿಸಿದರೆ, ನೀರು ಬಂದಾಗ ತಾನೇ ತುಂಬಿ ತಾನೇ ನಿಲ್ಲುತ್ತದೆ, ಏಳುವ ಕೆಲಸವಿಲ್ಲ. ಒತ್ತಡ ಕಡಿಮೆಯಿದ್ದಲ್ಲಿ ಟಾಕಿಯ ಬಾಯಿ ನಳಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ನೀರು ಏರುವುದಿಲ್ಲ. ಕಸ ಸಿಕ್ಕಿ ವಾಲ್ವ್ ಮುಚ್ಚದೇ ಹೋದರೆ ಟಾಕಿ ಉಕ್ಕಿ ನೀರು ಹರಿದುಹೋಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಮನೋವಿಜ್ಞಾನದ ಉತ್ತರದಲ್ಲಿ ವಾಲ್ವು ಏಕೆ ಬಂತು ಎಂದು ನಗಬೇಡಿ. ಕೃತಜ್ಞತೆಯ ಇನ್ನೊಂದು ವಿಡಿಯೊಗಿಂತ ಇದು ನಿಮಗೆ ಹೆಚ್ಚು ಉಪಕಾರ ಮಾಡೀತು.

ಮುಂದೆ ಹೋಗಿ ಹೇಳುವುದು

ಪುಸ್ತಕದಲ್ಲಿ ಬರೆದದ್ದನ್ನು ಆ ವ್ಯಕ್ತಿಗೆ ಹೇಳಬೇಕೆ? ಹೇಳಿದರೆ ಪರಿಣಾಮ ಹೆಚ್ಚು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಕಂಡಂತೆ, ಕೃತಜ್ಞತೆಯ ಪತ್ರ ಬರೆಯುವವರು ಎದುರಿನವರಿಗೆ ಮುಜುಗರವಾದೀತೆಂದು ಹೆಚ್ಚು ಅಂಜುತ್ತಾರೆ, ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಅತ್ತೆಗೆ ಹೋಗಿ "ಥ್ಯಾಂಕ್ಸ್" ಅಂದರೆ ಅವರು ಗಾಬರಿಯಾಗುತ್ತಾರೆ, ಇಲ್ಲವೆ ನಗುತ್ತಾರೆ. ಅದರ ಅಗತ್ಯವೂ ಇಲ್ಲ. "ಅತ್ತೀ, ನಿನ್ನೆ ನೀವು ರೊಟ್ಟಿ ಮಾಡಿದ್ದಕ್ಕ ನಾ ಸ್ವಲ್ಪ ಕೂತೆ ನೋಡ್ರಿ, ಭಾಳ ದಣಿದಿದ್ದೆ" ಅಂದರೆ ಸಾಕು. ಏನು ಮಾಡಿದರು, ಅದರಿಂದ ನಿಮಗೇನಾಯಿತು, ಇಷ್ಟೇ. "ನೀವು ಭಾಳ ಒಳ್ಳೆಯವರು" ಎಂಬ ಹೊಗಳಿಕೆ ಬೇಡ, ಅದು ಬೇರೇನೋ ಕೇಳುವ ಪೀಠಿಕೆಯಂತೆ ಕೇಳಿಸುತ್ತದೆ.

ಕೆಲವರ ಉಪಕಾರ ನೆನೆದಾಗ ಹಗುರವಾಗುವ ಬದಲು ಭಾರವಾಗುತ್ತದೆ. ಕೈಗಡ ಕೊಟ್ಟ ಸಂಬಂಧಿಕರು, ಕೆಲಸ ಕೊಡಿಸಿ ಆಗಾಗ ನೆನಪಿಸುವವರು. ಅದು ಋಣದ ಭಾರ, ಅದನ್ನು ಈ ಪುಸ್ತಕಕ್ಕೆ ತರಬೇಡಿ. ಕೃತಜ್ಞತೆಯ ಪತ್ರ ಬರೆಯುವ ಅಭ್ಯಾಸ ಅಮೆರಿಕದ ವಿದ್ಯಾರ್ಥಿಗಳಿಗೆ ಉಪಯೋಗವಾದಷ್ಟು ದಕ್ಷಿಣ ಕೊರಿಯಾದವರಿಗೆ ಆಗಲಿಲ್ಲ ಎಂದು 2013ರ ಒಂದು ಅಧ್ಯಯನ ಹೇಳುತ್ತದೆ. ಕೊಟ್ಟು ತೆಗೆದುಕೊಳ್ಳುವ ಸಂಬಂಧಗಳು ಬಿಗಿಯಾಗಿರುವ ಸಮಾಜದಲ್ಲಿ ಉಪಕಾರ ಸ್ಮರಣೆಯ ಜೊತೆಗೆ ತೀರಿಸದ ಬಾಕಿಯ ನೆನಪೂ ಎದ್ದು ಬರುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ನಮ್ಮಲ್ಲಿಯೂ ಹೀಗೇ ಇರಬಹುದು. ತೀರಿಸಬೇಕಾದದ್ದು ಇದ್ದರೆ ತೀರಿಸುವ ಯೋಜನೆ ಮಾಡಿ, ಅದಕ್ಕೆ ಕವಿತೆ ಬೇಡ.

ಯಾವಾಗ ಇದು ಸಾಲದು

ಪ್ರಯೋಜನ ಎಷ್ಟು ದೊಡ್ಡದೋ ಅಷ್ಟೇ ಹೇಳಬೇಕು. ಕೃತಜ್ಞತೆಯ ಅಭ್ಯಾಸಗಳ 27 ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಖಿನ್ನತೆ ಮತ್ತು ಆತಂಕದ ಮೇಲೆ ಇವುಗಳ ಪರಿಣಾಮ ಸಣ್ಣದು ಎಂದು ಕಂಡಿತು. ಚಿಕಿತ್ಸೆಯ ಜಾಗದಲ್ಲಿ ಇದನ್ನು ಇಡಬಾರದು ಎಂಬುದೇ ಆ ಸಂಶೋಧಕರ ಮಾತು.

ಆದ್ದರಿಂದ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಬರೆಯುವಾಗ ಮಾತ್ರ ಏನೂ ಅನ್ನಿಸುವುದಿಲ್ಲವೋ, ಅಥವಾ ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಏನೂ ಅನ್ನಿಸುವುದಿಲ್ಲವೋ? ಮಗ ತಬ್ಬಿಕೊಂಡಾಗ, ಹಬ್ಬದ ದಿನ, ಹಳೆ ಗೆಳತಿಯ ಫೋನು ಬಂದಾಗ? ಎರಡು ವಾರಕ್ಕೂ ಮೀರಿ, ದಿನದ ಬಹುಹೊತ್ತು ಇಂಥ ಬರಿದುತನ ಇದ್ದು, ಜೊತೆಗೆ ಹಸಿವು ಅಥವಾ ನಿದ್ದೆ ಕೆಟ್ಟಿದ್ದರೆ, ಶಾಲೆಯ ಕೆಲಸದಲ್ಲಿ ಗಮನ ನಿಲ್ಲದಿದ್ದರೆ, ತಾನು ನಿಷ್ಪ್ರಯೋಜಕಿ ಎಂಬ ಯೋಚನೆ ಮರಳಿ ಮರಳಿ ಬಂದರೆ, ಅದು ಖಿನ್ನತೆ ಇರಬಹುದು. ಖಿನ್ನತೆಯಲ್ಲಿ ಸಂತೋಷ ಅನುಭವಿಸುವ ಶಕ್ತಿಯೇ ಮಂಕಾಗಿರುತ್ತದೆ. ಆಗ ಪಟ್ಟಿ ಬರೆಸುವುದು ಗಾಯದ ಮೇಲೆ ಅಪರಾಧಭಾವ ಸುರಿದಂತೆ. ಒಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಾಧ್ಯವಾದರೆ ಬಿ12. ರಕ್ತಹೀನತೆ, ಥೈರಾಯ್ಡ್ ಕೊರತೆಗಳು ಹೆಂಗಸರಲ್ಲಿ ಸಾಮಾನ್ಯ, ಅವು ತರುವ ದಣಿವು ಎಷ್ಟೋ ಸಲ ಮನಸ್ಸಿನ ಬೇಸರದ ವೇಷದಲ್ಲೇ ಬರುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ ಸಂಖ್ಯೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಲು ಯಾರ ಶಿಫಾರಸೂ ಬೇಡ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ಕೇಳಿಕೊಳ್ಳಿ. ಹೋಗಲು ಸಂಕೋಚ ಪಡುವವರಿಗೆ ಒಂದು ಸಂಗತಿ: ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹೊರತಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಶುರು ಮಾಡಿದ್ದು ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈ ಸೀಮೆಯಲ್ಲಿ ಇದು ಹೊಸ ವೈದ್ಯವಲ್ಲ.

ಪತ್ರದಲ್ಲಿ ಕಂಡಷ್ಟರಿಂದ ಹೇಳುವುದಾದರೆ ನೀವು ಆ ಸ್ಥಿತಿಯಲ್ಲಿ ಇದ್ದಂತಿಲ್ಲ. ಸವೆದ ರೂಢಿ, ತುಂಡು ನಿದ್ದೆ, ನ್ಯಾಯವಾದ ಸಿಟ್ಟು, ಇವು ಮೂರು ಕಾಣುತ್ತವೆ. ಆದರೂ ರಕ್ತ ಪರೀಕ್ಷೆ ಬಿಡಬೇಡಿ. ಹತ್ತು ದಿನದ ಬಿಡುವಿನ ನಂತರ ಹೊಸ ಬಗೆಯಲ್ಲಿ ಆರು ವಾರ ಬರೆಯಿರಿ. ಆಗಲೂ ಸಪ್ಪೆ ಅನ್ನಿಸಿದರೆ ನಿಶ್ಚಿಂತೆಯಿಂದ ಬಿಟ್ಟುಬಿಡಿ. ಬೆಳಗಿನ ನಡಿಗೆ, ಓಣಿಯ ಹೆಂಗಸರ ಜೊತೆ ಭಜನೆ, ವಾರಕ್ಕೊಮ್ಮೆ ಗೆಳತಿಯೊಡನೆ ಮಾತು, ಇವೂ ಕೆಲಸ ಮಾಡುತ್ತವೆ. ಬರೆದು ಖುಷಿಯಾಗುವುದು ಒಂದು ಬಗೆಯ ಜನಕ್ಕೆ ಒಗ್ಗುತ್ತದೆ, ಎಲ್ಲರಿಗೂ ಒಗ್ಗಲೇಬೇಕು ಎಂದೇನಿಲ್ಲ.

ಇನ್ನು ಮಗಳ ಮಾತು. ಬರೆಸಬೇಡಿ. ಮನೆಗೆಲಸದ ಮೇಲೆ ಇನ್ನೊಂದು ಮನೆಗೆಲಸವಾಗುತ್ತದೆ, ಹನ್ನೊಂದು ವರ್ಷದ ಹುಡುಗಿ ಅಮ್ಮನಿಗೆ ಇಷ್ಟವಾಗುವುದನ್ನೇ ಬರೆಯಲು ಎರಡು ದಿನದಲ್ಲಿ ಕಲಿಯುತ್ತಾಳೆ. ಅನ್ನ ಬಿಟ್ಟಾಗ "ಎಷ್ಟು ಮಕ್ಕಳಿಗೆ ಇದೂ ಇಲ್ಲ ಗೊತ್ತೇನು" ಎಂದು ಹೇಳುವುದೂ ಬೇಡ, ಅದು ಊಟಕ್ಕೆ ನಾಚಿಕೆ ಬೆರೆಸುತ್ತದೆ. ಬದಲಿಗೆ ಊಟಕ್ಕೆ ಕೂತಾಗ, ದಿನಾ ಅಲ್ಲ, ನೆನಪಾದಾಗ, "ಇವತ್ತು ಯಾರು ನಿನಗ ಏನಾರ ಸಹಾಯ ಮಾಡಿದ್ರು?" ಎಂದು ಕೇಳಿ. "ಯಾರೂ ಇಲ್ಲ" ಅಂದರೆ ಅಲ್ಲಿಗೇ ಬಿಡಿ, ನಿಮ್ಮದನ್ನು ನೀವು ಹೇಳಿ. "ರಬ್ಬರು ಕೊಟ್ಟಳು" ಅಂದರೆ ಯಾರು, ಯಾಕೆ ಕೊಟ್ಟಳು, ಅವಳ ಹತ್ತಿರ ಇನ್ನೊಂದಿತ್ತೆ ಎಂದು ಒಂದೆರಡು ಪ್ರಶ್ನೆ ಕೇಳಿ. ಬೇರೆಯವರು ಕೊಡುವಾಗ ಅವರಿಗೂ ಏನೋ ಖರ್ಚಾಗುತ್ತದೆ ಎಂಬುದು ಆ ವಯಸ್ಸಿಗೆ ಚೆನ್ನಾಗಿ ತಿಳಿಯುತ್ತದೆ. ಮಾರನೆಯ ದಿನ ಆ ಹುಡುಗಿಗೆ ಏನಾದರೂ ಕೊಡಬೇಕೆಂದು ಅವಳೇ ಕೇಳಿದರೆ ಕೊಡಿಸಿ, ನೀವಾಗಿ ಹೇಳಬೇಡಿ.